ಇನ್ವರ್ಟರ್‌ನಲ್ಲಿರುವುದು ನೆಟ್ ಸಾಕೆಟ್ಟೇನಾ?

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್. ತಾರಸಿ ಮೇಲೆ ಸೋಲಾರ್, ಪಕ್ಕದ ಶೀಟ್ ಕೋಣೆಯಲ್ಲಿ ಒಂದೇ ಮಾಡೆಲ್ಲಿನ ಮೂರು ಆನ್‌ಗ್ರಿಡ್ (ಬೆಸ್ಕಾಂ ಲೈನಿಗೆ ಜೋಡಿಸಿದ) ಇನ್ವರ್ಟರ್. ಆಫೀಸಲ್ಲೇ ಕೂತು ನೋಡೋಕೆ, ಆನ್-ಆಫ್ ಮಾಡೋಕೆ ರಿಮೋಟ್ ಕಂಟ್ರೋಲರ್ ತಂದಿದ್ದೇವೆ. ಇನ್ವರ್ಟರ್‌ನಲ್ಲಿ ನೆಟ್ ಕೇಬಲ್ ಸಾಕೆಟ್ ಇದೆ. ಎಲ್ಲವನ್ನೂ ರೌಟರ್‌ಗೆ ಚುಚ್ಚಿದರೆ ಆಯ್ತಲ್ವಾ?

ಉತ್ತರ: ಬೇಡ, ಈಗಲೇ ಚುಚ್ಚಬೇಡಿ. ಸಾಕೆಟ್ ನೋಡೋಕೆ ನೆಟ್ ಕೇಬಲ್ಲಿನದ್ದೇ, ಎಂಟು ಪಿನ್ನಿನ ಆರ್‌ಜೆ45. ಆದರೆ ಎಷ್ಟೋ ಇನ್ವರ್ಟರ್‌ಗಳಲ್ಲಿ ಅದರೊಳಗೆ ಬರುವುದು ಆರ್‌ಎಸ್485 ಎಂಬ ಬೇರೆಯೇ ಸಿಗ್ನಲ್. ರೌಟರ್‌ಗೆ ಅದು ಅರ್ಥವಾಗುವುದಿಲ್ಲ. ಅಷ್ಟೇ ಆದರೆ ಪರವಾಗಿಲ್ಲ. ಸಿಸಿಟಿವಿಗೆ, ವೈಫೈ ಡಬ್ಬಿಗೆ ಕೇಬಲ್‌ನಲ್ಲೇ ಪವರ್ ಕೊಡುವ ಕೆಲವು ಸಾಧನಗಳು 24 ಅಥವಾ 48 ವೋಲ್ಟ್ ನೇರವಾಗಿ ಕಳಿಸುತ್ತವೆ. ಆರ್‌ಎಸ್485 ಚಿಪ್ ಸಾಮಾನ್ಯವಾಗಿ ತಾಳಿಕೊಳ್ಳುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ತನಕ. ಚಿಪ್ ಸುಟ್ಟರೆ ಸಣ್ಣ ಕೆಲಸಕ್ಕೆ ಬೋರ್ಡ್ ಬಿಚ್ಚಬೇಕಾಗುತ್ತದೆ.

ಮೊದಲು ಮ್ಯಾನುಯಲ್ ತೆಗೆಯಿರಿ. ಆರ್‌ಎಸ್485ರ ಎರಡು ಸಿಗ್ನಲ್ ವೈರ್, ಅಂದರೆ ಎ ಮತ್ತು ಬಿ, ಜೊತೆಗೆ ಗ್ರೌಂಡ್ ಯಾವ ಪಿನ್ನಲ್ಲಿವೆ ಅಂತ ಅದರಲ್ಲಿರುತ್ತದೆ. ಇದು ಕಂಪನಿಯಿಂದ ಕಂಪನಿಗೆ ಬೇರೆ. ಕಂಟ್ರೋಲರ್ ನಿಮ್ಮ ಮಾಡೆಲ್ಲಿಗೆ ಹೊಂದುತ್ತದಾ ಅಂತಲೂ ಕೇಳಿಕೊಳ್ಳಿ. ಎರಡರ ಮೇಲೂ ಮಾಡ್‌ಬಸ್ (ಈ ಲೈನಿನಲ್ಲಿ ಸಾಧನಗಳು ಮಾತಾಡುವ ಭಾಷೆ) ಅಂತ ಬರೆದಿದ್ದ ಮಾತ್ರಕ್ಕೆ ಹೊಂದುತ್ತದೆ ಅನ್ನೋಕಾಗಲ್ಲ.

ಆಫೀಸಿನಿಂದ ಮೂರು ಇನ್ವರ್ಟರ್‌ಗೂ ಬೇರೆ ಬೇರೆ ಕೇಬಲ್ ಎಳೆಯುವುದು ಬೇಕಾಗಿಲ್ಲ. ಕಂಟ್ರೋಲರ್‌ನಿಂದ ಒಂದನೇ ಇನ್ವರ್ಟರ್‌ಗೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಎ ಎಲ್ಲಾ ಕಡೆ ಎಗೇ, ಬಿ ಬಿಗೇ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಈ ಲೈನ್ 1200 ಮೀಟರ್ ತನಕ ಹೋಗುತ್ತದೆ, ನಿಮ್ಮ ಮಿಲ್ಲಿಗೆ ಧಾರಾಳವಾಯಿತು. ಒಂದಕ್ಕೊಂದು ಹೆಣೆದ ಜೋಡಿ ವೈರ್‌ನಲ್ಲೇ ಎ ಮತ್ತು ಬಿ ಎರಡೂ ಬರಲಿ. ನೀಲಿ ಒಂದಕ್ಕೆ, ಹಸಿರು ಇನ್ನೊಂದಕ್ಕೆ ಅಂತ ಬೇರೆ ಬೇರೆ ಜೋಡಿಯಿಂದ ತೆಗೆದರೆ ಮಿಲ್ ಮೋಟರ್ ಶುರುವಾದಾಗಲೆಲ್ಲ ಸಿಗ್ನಲ್ ಕೆಡಬಹುದು. ಮೋಟರ್ ಕೇಬಲ್ ಹೋಗುವ ಪೈಪ್‌ನಲ್ಲಿ ಇದನ್ನು ತೂರಿಸಲೇಬೇಡಿ.

ಲೈನಿನ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರಬೇಕು. ಕೆಲವು ಇನ್ವರ್ಟರ್‌ಗಳಲ್ಲಿ ಅದು ಒಳಗೇ ಇದ್ದು, ಪುಟ್ಟ ಸ್ವಿಚ್‌ನಿಂದ ಹಾಕಿ ತೆಗೆಯಬಹುದು. ಸರಿ ಇದೆಯಾ ಅಂತ ನೋಡೋದು ಸುಲಭ. ಎಲ್ಲವನ್ನೂ ಆಫ್ ಮಾಡಿಸಿ ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 60 ಓಮ್ ಬಂದರೆ ಸರಿ. 120 ಬಂದರೆ ಒಂದು ತುದಿಯದು ಬಿಟ್ಟುಹೋಗಿದೆ. 40 ಬಂದರೆ ನಡುವಿನ ಇನ್ವರ್ಟರ್‌ನಲ್ಲೂ ಹಾಕಿಬಿಟ್ಟಿದ್ದಾರೆ.

ಆಮೇಲೆ ಅಡ್ರೆಸ್, ಅಂದರೆ ಕಂಟ್ರೋಲರ್ ಪ್ರತಿ ಇನ್ವರ್ಟರನ್ನು ಗುರುತಿಸುವ ನಂಬರ್. ಕಾರ್ಖಾನೆಯಿಂದ ಬರುವಾಗ ಮೂರಕ್ಕೂ 1 ಅಂತಲೇ ಇರುವುದು ಜಾಸ್ತಿ. ಹಾಗೇ ಬಿಟ್ಟರೆ ಮೂರೂ ಒಟ್ಟಿಗೆ ಉತ್ತರ ಕೊಟ್ಟು ಯಾವುದೂ ಕೇಳಿಸುವುದಿಲ್ಲ. 1, 2, 3 ಅಂತ ಮಾಡಿ, ಒಂದೊಂದಾಗಿ ಜೋಡಿಸಿ ನೋಡಿ. ವೇಗವೂ ಎಲ್ಲದರಲ್ಲೂ ಒಂದೇ ಇರಲಿ. ಆಗಲೂ ಉತ್ತರ ಬರದಿದ್ದರೆ ಎ, ಬಿ ವೈರ್ ಅದಲುಬದಲು ಮಾಡಿ. ಕೆಲವು ಕಂಪನಿಗಳು ಎ, ಬಿ ಹೆಸರನ್ನು ತಿರುವುಮುರುವಾಗಿ ಹಾಕಿರುತ್ತವೆ.

ಇನ್ನು ಕಂಟ್ರೋಲ್ ವಿಷಯ. ದಯವಿಟ್ಟು ಇದನ್ನು ಮಿಲ್ಲಿನ ಹುಡುಗರಿಗೂ ಹೇಳಿ. ರಿಮೋಟ್‌ನಲ್ಲಿ ಆಫ್ ಮಾಡಿದರೂ ಹಗಲಲ್ಲಿ ಪ್ಯಾನೆಲ್‌ನಿಂದ ಬರುವ ವೈರ್‌ನಲ್ಲಿ ನೂರಾರು ವೋಲ್ಟ್ ಡಿಸಿ ಇದ್ದೇ ಇರುತ್ತದೆ. ಯಾರಾದರೂ ಕೈ ಹಾಕುವ ಮುಂಚೆ ಎಸಿ ಬ್ರೇಕರ್, ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್) ಎರಡನ್ನೂ ಆಫ್ ಮಾಡಿ, ಸ್ಟಿಕ್ಕರ್ ಮೇಲೆ ಬರೆದಷ್ಟು ನಿಮಿಷ ಕಾಯಲೇಬೇಕು. ವೈರಿಂಗನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಬೆಸ್ಕಾಂ ಕರೆಂಟ್ ಹೋದಾಗ ರಿಮೋಟ್ ಎಷ್ಟು ಒತ್ತಿದರೂ ಇನ್ವರ್ಟರ್ ಆನ್ ಆಗುವುದಿಲ್ಲ. ಅದು ಕೆಟ್ಟಿಲ್ಲ. ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಸೋಲಾರ್‌ನಿಂದ ಶಾಕ್ ಹೊಡೆಯಬಾರದು ಅಂತ ತಾನಾಗಿಯೇ ನಿಲ್ಲುತ್ತದೆ.

ನನ್ನನ್ನು ಕೇಳಿದರೆ, ಸ್ಕ್ರೀನ್‌ನಲ್ಲಿ ದಿನಾ ನೋಡಬೇಕಾದದ್ದು ಯೂನಿಟ್‌ಗಿಂತ ಟೆಂಪರೇಚರ್. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಶೀಟ್ ಕೋಣೆ ಕಾದರೆ ಇನ್ವರ್ಟರ್ ತಾನೇ ಉತ್ಪಾದನೆ ತಗ್ಗಿಸುತ್ತದೆ. ಮೂರೂ ಮಧ್ಯಾಹ್ನ ಇಳಿದರೆ ಕೋಣೆಗೆ ಗಾಳಿ ಬೇಕು. ಒಂದು ಮಾತ್ರ ಬಿಸಿಯಾಗಿ ಇಳಿದರೆ ಅದರ ಫ್ಯಾನ್ ಜಾಲರಿಗೆ ಶೇಂಗಾ ಸಿಪ್ಪೆಯ ಧೂಳು ಕಟ್ಟಿದೆಯಾ ನೋಡಿಸಿ.