ಸ್ವರಗಳ ನಡುವಿನ ಜಾಗವನ್ನು ಅಳೆಯಬೇಕಾದವರು ಯಾರು?

ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸಂಗೀತ ಬರೆಯುವ ತಂತ್ರಾಂಶವನ್ನು ಕೆಲಕಾಲ ಬಳಸಿದವರಿಗೆಲ್ಲ ಒಂದು ಸನ್ನಿವೇಶ ಪರಿಚಿತ. ಸ್ವರಗಳು ಸರಿಯಾಗಿವೆ, ಲಯದಲ್ಲಿ ತಪ್ಪಿಲ್ಲ, ಆದರೆ ಕೊನೆಯ ಪುಟದಲ್ಲಿ ಎರಡೇ ಎರಡು ಬಾರ್‌ಗಳು, ಅಂದರೆ ಲಂಬ ಗೆರೆಗಳ ನಡುವಿನ ತಾಳದ ತುಂಡುಗಳು, ಒಂಟಿಯಾಗಿ ಉಳಿದುಬಿಟ್ಟಿವೆ. ಅವನ್ನು ಹಿಂದಿನ ಪುಟಕ್ಕೆ ಸೇರಿಸಲೆಂದು ಒಂದು ಸಾಲನ್ನು ಬಿಗಿ ಮಾಡಿದರೆ ಅಲ್ಲಿನ ಸಾಹಿತ್ಯದ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಸ್ಟಾಫ್‌ಗಳ, ಅಂದರೆ ಸ್ವರಗಳು ಕೂರುವ ಐದು ಗೆರೆಗಳ ಗುಂಪುಗಳ, ನಡುವಿನ ಅಂತರವನ್ನು ಕಡಿಮೆ ಮಾಡಿದರೆ ಮೇಲಿನ ಸ್ಟಾಫಿನ ತಗ್ಗು ಸ್ವರಗಳು ಕೆಳಗಿನ ಸ್ಟಾಫಿನ ಚಿಹ್ನೆಗಳಿಗೆ ಡಿಕ್ಕಿ ಹೊಡೆಯುತ್ತವೆ. ಹಾಸಿಗೆಯ ಒಂದು ಮೂಲೆಯನ್ನು ಒತ್ತಿದರೆ ಇನ್ನೊಂದು ಮೂಲೆ ಉಬ್ಬುವಂತೆ, ಪುಟದ ಒಂದು ಕಡೆಯ ತಿದ್ದುಪಡಿ ಇನ್ನೊಂದು ಕಡೆ ಹೊಸ ತೊಂದರೆಯಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ತಂತ್ರಾಂಶದ ದೋಷವೆಂದು ಬೈದು ಸುಮ್ಮನಾಗುವವರೇ ಹೆಚ್ಚು. ಆದರೆ ಈ ಬಿಕ್ಕಟ್ಟಿನ ಬೇರು ಕಂಪ್ಯೂಟರಿಗಿಂತ ಬಹಳ ಹಳೆಯದು. ಪುಟದ ವಿನ್ಯಾಸವನ್ನು ಯಾವ ಹಂತದಲ್ಲಿ, ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಪ್ರತಿಯೊಂದು ಮುದ್ರಣ ವಿಧಾನವೂ ಬೇರೆ ಬೇರೆ ಉತ್ತರ ಕೊಟ್ಟಿದೆ.

1501ರಲ್ಲಿ ವೆನಿಸ್ ನಗರದಲ್ಲಿ ಒಟ್ಟಾವಿಯಾನೋ ಪೆಟ್ರುಚ್ಚಿ ಬಹುಧ್ವನಿ ಸಂಗೀತವನ್ನು ಅಚ್ಚುಮೊಳೆಗಳಿಂದ ಮುದ್ರಿಸಿದಾಗ, ಒಂದೇ ಹಾಳೆಯನ್ನು ಹಲವು ಬಾರಿ ಅಚ್ಚಿನ ಕೆಳಗೆ ಹಾಯಿಸಿ ಗೆರೆಗಳು, ಸ್ವರಗಳು ಮತ್ತು ಪಠ್ಯವನ್ನು ಬೇರೆ ಬೇರೆಯಾಗಿ ಒತ್ತಬೇಕಾಗಿತ್ತು. ಗೆರೆಯ ಮೇಲೆ ಸ್ವರ ಕರಾರುವಾಕ್ಕಾಗಿ ಕೂರಬೇಕೆಂದರೆ ಪ್ರತಿಯೊಂದರ ಜಾಗವೂ ಮೊದಲೇ ನಿಗದಿಯಾಗಿರಬೇಕು. ಸುಮಾರು 1528ರ ಹೊತ್ತಿಗೆ ಪ್ಯಾರಿಸ್ಸಿನ ಪಿಯರ್ ಅತೆಂಞಾನ್ ಸ್ವರದ ಜೊತೆಗೆ ಗೆರೆಗಳ ತುಣುಕನ್ನೂ ಹೊತ್ತ ಮೊಳೆಗಳನ್ನು ಬಳಸಿ ಇಡೀ ಕೆಲಸವನ್ನು ಒಂದೇ ಒತ್ತಿನಲ್ಲಿ ಮುಗಿಸಿದ. ಕೆಲಸ ಅಗ್ಗವಾಯಿತು, ವೇಗವಾಯಿತು. ಆದರೆ ಸ್ವರಗಳ ನಡುವಿನ ಅಂತರ ಮೊಳೆಯ ಅಗಲಕ್ಕೆ ಕಟ್ಟುಬಿದ್ದಿತು. ದೀರ್ಘ ಸ್ವರಕ್ಕೂ ಹ್ರಸ್ವ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ ಜಾಗ ಸಿಕ್ಕುವ ಆ ಪುಟಗಳಲ್ಲಿ ಕಾಲವನ್ನು ಕಣ್ಣಿನಿಂದ ಅಳೆಯಲು ಸಾಧ್ಯವಿರಲಿಲ್ಲ.

ಅಂತರಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು ಲೋಹದ ಫಲಕದ ಮೇಲೆ ಕೆತ್ತುವ ಪದ್ಧತಿ ಬಂದ ಮೇಲೆ. ಹದಿನಾರನೆಯ ಶತಮಾನದ ಕೊನೆಯಲ್ಲಿ ತಾಮ್ರದಿಂದ ಆರಂಭವಾದ ಈ ಕಲೆ, ಹದಿನೆಂಟನೆಯ ಶತಮಾನದಲ್ಲಿ ಸೀಸ ಮತ್ತು ತವರದ ಮೃದುವಾದ ಮಿಶ್ರಲೋಹಕ್ಕೆ ಬದಲಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಲೈಪ್‌ಜಿಗ್ ನಗರದ ಕಾರ್ಯಾಗಾರಗಳಲ್ಲಿ ಪರಿಪಕ್ವವಾಯಿತು. ಕೆತ್ತನೆಗಾರ ಫಲಕವನ್ನು ಮುಟ್ಟುವುದಕ್ಕೆ ಮುಂಚೆ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದ: ಒಟ್ಟು ಬಾರ್‌ಗಳೆಷ್ಟು, ಒಂದು ಸಾಲಿಗೆ ಎಷ್ಟು, ಪುಟಕ್ಕೆ ಎಷ್ಟು ಸಾಲು, ಬಲಗಡೆಯ ಪುಟ ಮುಗಿಯುವಲ್ಲಿ ವಾದಕನಿಗೆ ಪುಟ ತಿರುಗಿಸಲು ಒಂದು ವಿರಾಮ ಸಿಗುತ್ತದೆಯೇ ಇಲ್ಲವೇ. ಆನಂತರವೇ ಐದು ಹಲ್ಲುಗಳ ಉಪಕರಣದಿಂದ ಗೆರೆಗಳನ್ನು ಎಳೆದು, ಪ್ರತಿ ಸ್ವರದ ಸ್ಥಾನವನ್ನು ಗುರುತು ಮಾಡಿ, ಸ್ವರದ ತಲೆಗಳನ್ನೂ ಸ್ಟಾಫಿನ ಆರಂಭದ ಕ್ಲೆಫ್ ಚಿಹ್ನೆಗಳನ್ನೂ ಉಕ್ಕಿನ ಅಚ್ಚಿನಿಂದ ಸುತ್ತಿಗೆಯ ಪೆಟ್ಟಿಗೆ ಒತ್ತಿ, ತಲೆಗೆ ಅಂಟಿದ ದಂಡಗಳನ್ನು, ದಂಡಗಳನ್ನು ಜೋಡಿಸುವ ಬೀಮ್‌ಗಳನ್ನು, ಸ್ವರಗಳನ್ನು ಬೆಸೆಯುವ ಬಾಗುಗೆರೆಗಳಾದ ಸ್ಲರ್‌ಗಳನ್ನು ಉಳಿಯಿಂದ ಕೊರೆಯುತ್ತಿದ್ದ. ಎಲ್ಲವೂ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ. ತಪ್ಪಾದರೆ ಫಲಕದ ಹಿಂಬದಿಯಿಂದ ಬಡಿದು ಆ ಜಾಗವನ್ನು ಮಟ್ಟಸಗೊಳಿಸಿ ಮತ್ತೆ ಕೆತ್ತಬೇಕು. ತಿದ್ದುವುದು ಇಷ್ಟು ಕಷ್ಟವಾಗಿದ್ದ ಕಾರಣದಿಂದಲೇ ಯೋಜನೆ ಮೊದಲು, ಸ್ವರ ಆಮೇಲೆ ಎಂಬ ಕ್ರಮ ಗಟ್ಟಿಯಾಯಿತು.

ಈ ಕೆತ್ತನೆಗಾರರು ಪಾಲಿಸುತ್ತಿದ್ದ ಅಂತರದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಸುತ್ತುವುದರಿಂದ ಇಲ್ಲಿ ತುಸು ನಿಲ್ಲಬೇಕು. ದೀರ್ಘ ಸ್ವರಕ್ಕೆ ಹೆಚ್ಚು ಜಾಗ ಕೊಡಬೇಕು, ಆದರೆ ಅವಧಿಯ ಪ್ರಮಾಣದಲ್ಲಿ ಕೊಡಬಾರದು. ಹೋಲ್ ನೋಟ್ ಒಂದು ಸಿಕ್ಸ್‌ಟೀಂತ್ ನೋಟಿನ ಹದಿನಾರರಷ್ಟು ಕಾಲ ನಿಲ್ಲುತ್ತದೆ ಎಂದು ಅದಕ್ಕೆ ಹದಿನಾರು ಪಟ್ಟು ಅಗಲ ಕೊಟ್ಟರೆ ಪುಟವೆಲ್ಲ ಬಯಲಾಗುತ್ತದೆ. ಅವಧಿ ಇಮ್ಮಡಿಯಾದಾಗ ಅಂತರ ಇಮ್ಮಡಿಗಿಂತ ಕಡಿಮೆ ಬೆಳೆಯಬೇಕು. ಎಷ್ಟು ಕಡಿಮೆ ಎಂಬುದಕ್ಕೆ ಇಂದಿಗೂ ಒಮ್ಮತವಿಲ್ಲ. ಫಿನಾಲೆ ತಂತ್ರಾಂಶದಲ್ಲಿ ಸುವರ್ಣಾನುಪಾತದ 1.618 ಎಂಬ ಗುಣಕವನ್ನು ಬಳಸುವ ವ್ಯವಸ್ಥೆ ಇತ್ತು: ಅವಧಿ ಇಮ್ಮಡಿಯಾದಂತೆಲ್ಲ ಅಂತರವನ್ನು ಆ ಸಂಖ್ಯೆಯಿಂದ ಗುಣಿಸಿದರೆ, ಸಿಕ್ಸ್‌ಟೀಂತ್‌ನಿಂದ ಹೋಲ್ ನೋಟಿಗೆ ಹೋಗುವಾಗ ಅಂತರ ಸುಮಾರು 6.9 ಪಟ್ಟಾಗುತ್ತದೆ. ಲಿಲಿಪಾಂಡ್ ಎಂಬ ಇನ್ನೊಂದು ತಂತ್ರಾಂಶ ಗುಣಿಸುವ ಬದಲು ಕೂಡುತ್ತದೆ: ಅತಿ ಹ್ರಸ್ವವಾದ ಸ್ವರಕ್ಕೆ, ಇಲ್ಲಿ ಸಿಕ್ಸ್‌ಟೀಂತ್‌ಗೆ, 2 ಮಾನಗಳ ಜಾಗ ಕೊಟ್ಟು, ಅವಧಿ ಇಮ್ಮಡಿಯಾದಾಗಲೆಲ್ಲ ಇನ್ನೊಂದು ಮಾನವನ್ನು ಸೇರಿಸುತ್ತ ಹೋದರೆ, ಅದೇ ಹೋಲ್ ನೋಟಿಗೆ 6 ಮಾನ, ಅಂದರೆ ಕೇವಲ ಮೂರು ಪಟ್ಟು ಸಿಗುತ್ತದೆ. ಎರಡೂ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಂಗೀತ ಒಂದೇ ಆದರೂ ಉಸಿರಾಟ ಬೇರೆ ಎನಿಸುತ್ತದೆ.

ಇದರ ಮೇಲೆ ಕಣ್ಣಿನ ಲೆಕ್ಕವೂ ಉಂಟು. ದಂಡ ಮೇಲಕ್ಕಿರುವ ಸ್ವರದಲ್ಲಿ ದಂಡವು ತಲೆಯ ಬಲಕ್ಕೂ, ಕೆಳಕ್ಕಿರುವ ಸ್ವರದಲ್ಲಿ ಎಡಕ್ಕೂ ಇರುತ್ತದೆ. ಮೇಲ್ದಂಡದ ಸ್ವರದ ಬೆನ್ನಿಗೆ ಕೆಳದಂಡದ ಸ್ವರ ಬಂದರೆ ಎರಡು ದಂಡಗಳು ಹತ್ತಿರವಾಗಿ ಜಾಗ ಇಕ್ಕಟ್ಟಾದಂತೆ ತೋರುತ್ತದೆ. ಈ ಕ್ರಮ ತಿರುಗುಮುರುಗಾದರೆ ಅನಗತ್ಯ ಬಿರುಕು ಬಿಟ್ಟಂತೆ ಕಾಣುತ್ತದೆ. ಅಳತೆಗೋಲಿನ ಪ್ರಕಾರ ಎರಡೂ ಸಮಾನ. ಪಳಗಿದ ಕೆತ್ತನೆಗಾರ ಒಂದನ್ನು ಕೂದಲೆಳೆಯಷ್ಟು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸುತ್ತಿದ್ದ. ಇಂಥ ತಿಳಿವಳಿಕೆ ಬಹುಪಾಲು ಗುರುವಿನಿಂದ ಶಿಷ್ಯನಿಗೆ ಕೈಯ ಮೂಲಕವೇ ಹರಿದು ಬಂದದ್ದು. ಕಂಪ್ಯೂಟರಿಗೆ ಅದನ್ನು ಕಲಿಸಬೇಕೆಂದರೆ ಮೊದಲು ಮಾತಿನಲ್ಲಿ, ಆಮೇಲೆ ಸಂಖ್ಯೆಯಲ್ಲಿ ಹೇಳಬೇಕಾಯಿತು.

ಆ ಪ್ರಯತ್ನಗಳಲ್ಲಿ ಬಹುಕಾಲ ಬಾಳಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೀಲಂಡ್ ಸ್ಮಿತ್ ರೂಪಿಸಿದ ಸ್ಕೋರ್ ಎಂಬ ಪ್ರೋಗ್ರಾಂ. ಅದರಲ್ಲಿ ಪುಟದ ಮೇಲಿನ ಪ್ರತಿಯೊಂದು ವಸ್ತುವೂ ಸಂಖ್ಯೆಗಳ ಒಂದು ಸಾಲು: ಮೊದಲನೆಯದು ಅದು ಯಾವ ಜಾತಿಯ ಚಿಹ್ನೆ ಎಂಬುದನ್ನು, ಎರಡನೆಯದು ಯಾವ ಸ್ಟಾಫ್ ಎಂಬುದನ್ನು, ಮೂರನೆಯದು ಅಡ್ಡಸ್ಥಾನವನ್ನು, ನಾಲ್ಕನೆಯದು ಎತ್ತರವನ್ನು ಹೇಳುತ್ತದೆ. ಒಂದು ಸ್ಟಾಫಿನ ಪೂರ್ಣ ಅಗಲಕ್ಕೆ 200 ಮಾನ. ಏನನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಈ ಸಂಪೂರ್ಣ ಅಧಿಕಾರಕ್ಕಾಗಿಯೇ ದೊಡ್ಡ ಪ್ರಕಾಶಕರು ಅದನ್ನು ದಶಕಗಳ ಕಾಲ ಬಿಡಲಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆಯೂ ದೊಡ್ಡದೇ: ಪ್ರತಿ ಪುಟವೂ ಒಂದು ಪ್ರತ್ಯೇಕ ಕಡತ. ನಡುವೆ ಎರಡು ಬಾರ್ ಸೇರಿಸಬೇಕಾದರೆ ಮುಂದಿನ ಕಡತಗಳನ್ನೆಲ್ಲ ಮತ್ತೆ ಹೊಂದಿಸಬೇಕು. ಒಂದರ್ಥದಲ್ಲಿ ಅದು ಲೋಹದ ಫಲಕವೇ. ಸುತ್ತಿಗೆಯ ಸದ್ದು ಮಾತ್ರ ಇರಲಿಲ್ಲ.

1988ರಲ್ಲಿ ಬಂದ ಫಿನಾಲೆ ಮತ್ತು 1993ರಲ್ಲಿ ಏಕಾರ್ನ್ ಕಂಪ್ಯೂಟರುಗಳಿಗಾಗಿ ಫಿನ್ ಅವಳಿ ಸಹೋದರರು ಹೊರತಂದ ಸಿಬೇಲಿಯಸ್ ಈ ಕ್ರಮವನ್ನು ತಲೆಕೆಳಗು ಮಾಡಿದವು. ಸಂಗೀತವು ಉದ್ದಕ್ಕೂ ಹರಿಯುವ ಒಂದು ಧಾರೆ. ಪುಟ ಎನ್ನುವುದು ಆ ಧಾರೆಯನ್ನು ಯಂತ್ರ ಕತ್ತರಿಸಿ ತೋರಿಸುವ ರೀತಿ. ಒಂದು ಸ್ವರ ಸೇರಿಸಿದ ತಕ್ಷಣ ಇಡೀ ಕೃತಿ ತನ್ನಷ್ಟಕ್ಕೆ ಮರುಹೊಂದಿಕೆಯಾಗುವುದನ್ನು ಸಿಬೇಲಿಯಸ್ ತೋರಿಸಿದಾಗ, ಹಳೆಯ ಶ್ರಮವನ್ನು ಬಲ್ಲವರು ಬೆರಗಾಗಿದ್ದರೆ ಅದು ಸಹಜ. ಆದರೆ ಯೋಜನೆ ಮೊದಲು ಎಂಬ ಹಂತವೇ ಇಲ್ಲಿ ಕಾಣೆಯಾಯಿತು ಎಂಬುದನ್ನು ಗಮನಿಸಬೇಕು. ಬರೆಯುವವನು ಸ್ವರಗಳನ್ನು ತುಂಬುತ್ತಾನೆ, ಯಂತ್ರ ಪುಟಗಳನ್ನು ಕೊಡುತ್ತದೆ, ಹಿಡಿಸದ ಕಡೆ ಅವನು ಮೌಸ್ ಹಿಡಿದು ಎಳೆಯುತ್ತಾನೆ. ಈ ಎಳೆದಾಟಗಳೆಲ್ಲ ಯಂತ್ರ ಕೊಟ್ಟ ಸ್ಥಾನದಿಂದ ಇಷ್ಟು ದೂರ ಎಂದು ದಾಖಲಾಗುವುದರಿಂದ, ಯಂತ್ರ ಮತ್ತೊಮ್ಮೆ ಲೆಕ್ಕ ಹಾಕಿದ ಕೂಡಲೇ ನಿನ್ನೆಯ ತಿದ್ದುಪಡಿ ಇಂದಿನ ಡಿಕ್ಕಿಯಾಗುತ್ತದೆ. 2005ರಲ್ಲಿ ಸಿಬೇಲಿಯಸ್ 4 ಪೂರ್ಣ ಕೃತಿಯನ್ನೂ ಪ್ರತಿ ವಾದ್ಯದ ಬಿಡಿ ಪ್ರತಿಗಳನ್ನೂ ಒಂದೇ ಕಡತದಲ್ಲಿ ಬೆಸೆದ ಮೇಲೆ ತೊಡಕು ಹಲವು ಪಟ್ಟಾಯಿತು, ಏಕೆಂದರೆ ಒಂದೇ ಸ್ವರ ಈಗ ಹಲವು ಪುಟಗಳಲ್ಲಿ ಹಲವು ಅಂತರಗಳಲ್ಲಿ ಚೆನ್ನಾಗಿ ಕಾಣಬೇಕಿತ್ತು.

ಉತ್ತರದ ಒಂದು ಎಳೆ ಅಕ್ಷರ ಜೋಡಣೆಯ ಕಡೆಯಿಂದ ಬಂದಿತ್ತು. ಪ್ಯಾರಾಗ್ರಾಫನ್ನು ಸಾಲುಗಳಾಗಿ ಮುರಿಯುವಾಗ ಪ್ರತಿ ಸಾಲನ್ನು ಬಿಡಿಯಾಗಿ ನೋಡದೆ ಇಡೀ ಪ್ಯಾರಾಗ್ರಾಫಿಗೆ ಒಟ್ಟಾರೆ ಉತ್ತಮವಾದ ಮುರಿತಗಳನ್ನು ಹುಡುಕುವ ವಿಧಾನವನ್ನು ಡೊನಾಲ್ಡ್ ಕನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ್ದರು. ಪದಗಳ ನಡುವಿನ ಜಾಗ ಅಲ್ಲಿ ಹಿಗ್ಗಿ ಕುಗ್ಗುವ ಅಂಟಿನಂತೆ. ಜಾನ್ ಗೂರ್ಲೆ 1987ರಲ್ಲಿ ಸಂಗೀತದ ಸಾಲಿಗೂ ಇಂಥದೇ ಚಿಂತನೆಯನ್ನು ಅನ್ವಯಿಸಿದರು. 1996ರಲ್ಲಿ ಹಾನ್‌ವೆನ್ ನಿಯೆನ್‌ಹೌಸ್ ಮತ್ತು ಯಾನ್ ನಿಯುವೆನ್‌ಹೌಜೆನ್ ಆರಂಭಿಸಿದ ಲಿಲಿಪಾಂಡ್‌ನಲ್ಲಿ ಅದು ಸ್ಪ್ರಿಂಗುಗಳು ಮತ್ತು ಸರಳುಗಳ ರೂಪ ಪಡೆಯಿತು. ಸ್ವರದಿಂದ ಸ್ವರಕ್ಕೆ ಇರುವ ಅಂತರ ಒಂದು ಸ್ಪ್ರಿಂಗ್, ಎಳೆದರೆ ಹಿಗ್ಗುತ್ತದೆ. ಶಾರ್ಪ್ ಚಿಹ್ನೆಗೋ ಸಾಹಿತ್ಯದ ಅಕ್ಷರಕ್ಕೋ ಬೇಕಾದ ಕನಿಷ್ಠ ಜಾಗ ಒಂದು ಸರಳು, ಎಷ್ಟು ಒತ್ತಿದರೂ ಬಗ್ಗುವುದಿಲ್ಲ. ಸಾಲನ್ನು ಅಂಚಿನಿಂದ ಅಂಚಿಗೆ ತುಂಬಿಸುವುದೆಂದರೆ ಎಲ್ಲ ಸ್ಪ್ರಿಂಗುಗಳನ್ನೂ ಒಂದೇ ಬಲದಿಂದ ಎಳೆಯುವುದು.

ಅಡ್ಡ ದಿಕ್ಕಿನ ಸಮಸ್ಯೆ ಹೀಗೆ ತಕ್ಕಮಟ್ಟಿಗೆ ಪಳಗಿದರೂ ಲಂಬ ದಿಕ್ಕಿನದು ಹಟ ಹಿಡಿದು ನಿಂತಿತು. ಪ್ರತಿ ಸ್ಟಾಫನ್ನೂ ಒಂದು ಆಯತದ ಪೆಟ್ಟಿಗೆ ಎಂದು ಭಾವಿಸಿದರೆ, ಎಲ್ಲೋ ಒಂದು ಕಡೆ ಇರುವ ಒಂದೇ ಒಂದು ಎತ್ತರದ ಸ್ವರಕ್ಕಾಗಿ ಇಡೀ ಸಾಲು ದೂರ ಸರಿಯಬೇಕಾಗುತ್ತದೆ. 2008ರ ಸುಮಾರಿಗೆ ಲಿಲಿಪಾಂಡ್ ಪೆಟ್ಟಿಗೆಯನ್ನು ಬಿಟ್ಟು ಬಾಹ್ಯರೇಖೆಯನ್ನು ಹಿಡಿಯಿತು: ಮೇಲಿನ ಸ್ಟಾಫಿನ ಕೆಳಗಣ ಏರಿಳಿತ ಮತ್ತು ಕೆಳಗಿನ ಸ್ಟಾಫಿನ ಮೇಲಣ ಏರಿಳಿತ ಎರಡೂ ಎಲ್ಲಿ ನಿಜವಾಗಿ ಎದುರಾಗುತ್ತವೆಯೋ ಅಲ್ಲಿ ಮಾತ್ರ ಅಳೆಯುವುದು. ಅಲ್ಲಿ ಬಳಕೆದಾರನಿಗೆ ಇಂದು ಸಿಗುವ ಹಿಡಿಕೆಗಳು ನಾಲ್ಕು: ಮೂಲ ಅಂತರ, ಕನಿಷ್ಠ ಅಂತರ, ನಡುವೆ ಉಳಿಯಲೇಬೇಕಾದ ಖಾಲಿ ಜಾಗ ಮತ್ತು ಹಿಗ್ಗುವ ಗುಣ. ಹೊಸಬರು ಮೂಲ ಅಂತರವನ್ನು ಬದಲಿಸಿ, ಪುಟದಲ್ಲಿ ಏನೂ ಕದಲಲಿಲ್ಲ ಎಂದು ಕಂಗೆಡುವುದುಂಟು. ಪುಟ ತುಂಬಿ ತುಳುಕುತ್ತಿದ್ದರೆ ಕನಿಷ್ಠ ಅಂತರ ಮತ್ತು ಖಾಲಿ ಜಾಗವೇ ಮೇಲುಗೈ ಸಾಧಿಸುತ್ತವೆ. ಪುಟ ಸಡಿಲವಾಗಿದ್ದರೆ ಹಿಗ್ಗುವ ಗುಣ ಮಾತನಾಡುತ್ತದೆ. ಮೂಲ ಅಂತರದ ಆಳ್ವಿಕೆ ನಡುವಿನ ಸ್ಥಿತಿಯಲ್ಲಿ ಮಾತ್ರ.

ಇತರರೂ ಅದೇ ದಾರಿಗೆ ಬಂದರು. 2009ರಲ್ಲಿ ಸಿಬೇಲಿಯಸ್ 6 ಡಿಕ್ಕಿಗಳನ್ನು ತಾನೇ ತಪ್ಪಿಸುವ ಮ್ಯಾಗ್ನೆಟಿಕ್ ಲೇಔಟನ್ನು ತಂದಿತು. 2012ರಲ್ಲಿ ಆ ತಂತ್ರಾಂಶದ ಲಂಡನ್ ಕಚೇರಿ ಮುಚ್ಚಿದ ಮೇಲೆ ತಂಡದ ಬಹುಪಾಲು ಮಂದಿ ಸ್ಟೈನ್‌ಬರ್ಗ್ ಸಂಸ್ಥೆ ಸೇರಿ, 2016ರಲ್ಲಿ ಡೊರಿಕೋ ಎಂಬ ಹೊಸ ತಂತ್ರಾಂಶವನ್ನು ಹೊರತಂದರು. ಅದರಲ್ಲಿ ಸ್ಟಾಫ್‌ಗಳ ನಡುವಿನ ಆದರ್ಶ ಅಂತರ, ಕನಿಷ್ಠ ಅಂತರ, ಪುಟ ಎಷ್ಟು ಶೇಕಡಾ ತುಂಬಿದ್ದರೆ ಸ್ಟಾಫ್‌ಗಳನ್ನು ಅಂಚಿನವರೆಗೆ ಹರಡಬೇಕು ಎಂಬುದೆಲ್ಲ ಪ್ರತಿ ಲೇಔಟಿಗೂ ಪ್ರತ್ಯೇಕವಾದ ನಿಯಮಗಳು. ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶ 2018ರ ಕೊನೆಯಲ್ಲಿ ಸ್ವಯಂಚಾಲಿತ ಸ್ಥಾನನಿರ್ಣಯವನ್ನು, 2021ರ 3.6 ಆವೃತ್ತಿಯಲ್ಲಿ ಲಂಬ ಹೊಂದಿಕೆಯನ್ನು ಸೇರಿಸಿಕೊಂಡಿತು. ಅದೇ ಆವೃತ್ತಿಯ ಹೊಸ ಸಂಗೀತ ಚಿಹ್ನೆಗಳ ಫಾಂಟಿಗೆ ಇಟ್ಟ ಹೆಸರು ಲೀಲಂಡ್, ಸ್ಕೋರ್‌ನ ಕರ್ತೃವಿನದೇ.

ಹಾಗಾದರೆ ನಿಯಂತ್ರಣ ಯಾರದು? ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಉದ್ದಕ್ಕೂ ನಿಯಂತ್ರಣ ಕಡಿಮೆಯಾಗಲಿಲ್ಲ, ಅದರ ಭಾಷೆ ಬದಲಾಯಿತು. ಈ ಸ್ವರವನ್ನು ಎರಡು ಮಿಲಿಮೀಟರ್ ಬಲಕ್ಕೆ ಎನ್ನುವ ಆಜ್ಞೆಯ ಜಾಗದಲ್ಲಿ, ಈ ಸಾಲು ಇಲ್ಲಿಯೇ ಮುಗಿಯಲಿ, ಈ ನಾಲ್ಕು ಬಾರ್‌ಗಳು ಬೇರೆಯಾಗದಿರಲಿ, ಈ ಜೋಡಿ ಸ್ಟಾಫ್‌ಗಳು ಉಳಿದವುಗಳಿಗಿಂತ ಕಡಿಮೆ ಹಿಗ್ಗಲಿ ಎನ್ನುವ ಸೂಚನೆಗಳು ಬಂದಿವೆ. ಅನುಭವಿಗಳ ಕೆಲಸದ ಕ್ರಮವೂ ಇದನ್ನೇ ಹೇಳುತ್ತದೆ: ಮೊದಲು ಕಾಗದದ ಅಳತೆ ಮತ್ತು ಸ್ಟಾಫಿನ ಗಾತ್ರ, ಏಕೆಂದರೆ ಮಿಕ್ಕ ಅಂತರಗಳೆಲ್ಲ ಎರಡು ಗೆರೆಗಳ ನಡುವಿನ ಜಾಗವನ್ನೇ ಮಾನವಾಗಿ ಇಟ್ಟುಕೊಂಡಿರುತ್ತವೆ, ಆಮೇಲೆ ಒಟ್ಟಾರೆ ಅಂತರದ ನಿಯಮಗಳು, ಆಮೇಲೆ ಪುಟ ತಿರುಗಿಸುವ ಜಾಗಗಳು ಮತ್ತು ಸಾಲಿನ ಮುರಿತಗಳು, ಕೈಯಿಂದ ಎಳೆಯುವುದು ಎಲ್ಲಕ್ಕಿಂತ ಕೊನೆಗೆ, ಸಾಧ್ಯವಾದಷ್ಟು ಕಡಿಮೆ. ಲೋಹದ ಕಾಲದ ಯೋಜನೆಯ ಹಂತ ಹೀಗೆ ಹಿಂಬಾಗಿಲಿನಿಂದ ಮರಳಿ ಬಂದಿದೆ.

ಎಳೆದಾಟದ ನಿಜವಾದ ಬೆಲೆ ಗೊತ್ತಾದದ್ದು 2024ರ ಆಗಸ್ಟ್‌ನಲ್ಲಿ, ಮೇಕ್‌ಮ್ಯೂಸಿಕ್ ಸಂಸ್ಥೆ ಫಿನಾಲೆಯ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗ. ಮೂರು ದಶಕಗಳಿಗೂ ಹೆಚ್ಚು ಕಾಲದ ಕಡತಗಳು ಬೇರೆ ತಂತ್ರಾಂಶಗಳಿಗೆ ವಲಸೆ ಹೋಗಬೇಕಾಯಿತು. ನಡುವಿನ ಸೇತುವೆಯಾದ ಮ್ಯೂಸಿಕ್‌ಎಕ್ಸ್‌ಎಂಎಲ್ ಸ್ವರೂಪದಲ್ಲಿ ಸ್ವರ ಮತ್ತು ಲಯದ ಜೊತೆಗೆ ಸಾಲು, ಪುಟಗಳ ಮುರಿತವನ್ನೂ ಸ್ಥಾನದ ಸಂಖ್ಯೆಗಳನ್ನೂ ಬರೆದಿಡಲು ಅವಕಾಶವಿದೆ. ಇವುಗಳಲ್ಲಿ ಮುರಿತಕ್ಕೆ ಎಲ್ಲ ಕಡೆಯೂ ಒಂದೇ ಅರ್ಥ: ಇಲ್ಲಿ ಸಾಲು ಮುಗಿಯುತ್ತದೆ. ಮೂಲಸ್ಥಾನದಿಂದ ಇಷ್ಟು ಸರಿಸು ಎಂಬ ಸಂಖ್ಯೆಗೆ ಮಾತ್ರ, ಆ ಮೂಲಸ್ಥಾನವನ್ನು ಲೆಕ್ಕ ಹಾಕಿದ ಯಂತ್ರವೇ ಜೊತೆಗಿಲ್ಲದಾಗ, ಹೊಸ ಪುಟದಲ್ಲಿ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.