ಬಣ್ಣ ತೆಳು, ಒಗರು ಜೋರು: ಬರೋಲೊ ಎಷ್ಟು ವರ್ಷ ಇಡಬೇಕು?

ಪ್ರಶ್ನೆ: ಇಟಲಿಯಿಂದ 2019ರ ಬರೋಲೊ ವೈನ್ ಎರಡು ಬಾಟಲಿ ತಂದಿದ್ದೆ. ಒಂದನ್ನು ತೆರೆದರೆ ಬಣ್ಣ ನೀರುನೀರು, ಬಾಯಿ ಮಾತ್ರ ಒಗರೋ ಒಗರು. ಮೋಸ ಹೋದೆನಾ? ಇನ್ನೊಂದನ್ನು ಬೆಂಗಳೂರಿನ ಮನೆಯಲ್ಲಿ ಎಷ್ಟು ವರ್ಷ ಇಡಬಹುದು?

ಮೋಸ ಹೋಗಿಲ್ಲ, ಆತುರಪಟ್ಟಿರಿ ಅಷ್ಟೇ.

ಬರೋಲೊ ವಾಯವ್ಯ ಇಟಲಿಯ ಪಿಯೆಮೊಂಟೆ ಸೀಮೆಯದು. ಲಾಂಗೆ ಗುಡ್ಡಗಳ 11 ಊರುಗಳಲ್ಲಿ ಬೆಳೆದ ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಮಾಡಬೇಕೆಂಬುದು ಕಟ್ಟಳೆ. ಈ ಹಣ್ಣಿನಲ್ಲಿ ಬಣ್ಣ ಕಡಿಮೆ, ಟ್ಯಾನಿನ್ ವಿಪರೀತ. ಟ್ಯಾನಿನ್ ಅಂದರೆ ಬೇರೇನಲ್ಲ, ಹಸಿ ಅಡಿಕೆಯಲ್ಲಿ, ಬಾಳೆಕಾಯಿಯಲ್ಲಿ ಇರುವ ಒಗರೇ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರಿಕೆಯನ್ನೇ ತೆಗೆದುಬಿಡುತ್ತದೆ. ಬಣ್ಣ ನೋಡಿ ವೈನಿನ ಕಸುವು ಅಳೆಯುವವರಿಗೆ ಬರೋಲೊ ಟೋಪಿ ಹಾಕುತ್ತದೆ.

ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಟ್ಟ ಮೇಲೆಯೇ ಮಾರಬೇಕು. ಬಾಟಲಿಯ ಚೀಟಿಯಲ್ಲಿ ‘ರಿಸೆರ್ವಾ’ ಎಂದಿದ್ದರೆ 62 ತಿಂಗಳು. ಇದು ಮಾರುವುದಕ್ಕೆ ಸಿಗುವ ಪರವಾನಗಿ. ಕುಡಿಯುವ ಹದ ಬಂದಿದೆ ಎಂದಲ್ಲ.

ಹದ ಬರುವುದು ಬಾಟಲಿಯೊಳಗೆ. ಒಗರಿನ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಹೆಣೆದುಕೊಳ್ಳುತ್ತಾ ಹೋಗುತ್ತವೆ. ಒಂದಿಷ್ಟು ಗಷ್ಟಾಗಿ ತಳ ಸೇರುತ್ತದೆ. ಆಗ ಒಗರು ಮೆತ್ತಗಾಗುತ್ತದೆ, ಮಾಣಿಕ್ಯದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎಳೆಯದರಲ್ಲಿ ಚೆರ್ರಿ, ಹಸಿ ಗುಲಾಬಿ. ಮಾಗಿದ್ದರಲ್ಲಿ ಒಣಗಿದ ಗುಲಾಬಿ ಪಕಳೆ, ಚರ್ಮ, ಅಣಬೆ, ಜೊತೆಗೆ ಡಾಂಬರು. ಡಾಂಬರು ಅಂದಾಗ ಮೂಗು ಮುರಿಯಬೇಡಿ, ಬರೋಲೊ ಬಲ್ಲವರು ಹುಡುಕುವುದೇ ಅದನ್ನು. ಹುಳಿ ಮಾತ್ರ ಹೆಚ್ಚು ಕದಲುವುದಿಲ್ಲ. ಮುದಿ ವೈನನ್ನು ಎತ್ತಿ ಹಿಡಿಯುವುದು ಅದೇ. ಒಗರೂ ಹುಳಿಯೂ ಇಲ್ಲದ ಅಗ್ಗದ ವೈನನ್ನು ಹತ್ತು ವರ್ಷ ಇಟ್ಟರೆ ಹಳೆಯದಾಗುತ್ತದೆಯೇ ಹೊರತು ಒಳ್ಳೆಯದಾಗುವುದಿಲ್ಲ.

ಎಲ್ಲ ಬರೋಲೊಗೂ ಒಂದೇ ಲೆಕ್ಕವಿಲ್ಲ. ಲಾ ಮೋರ್ರಾ ಊರಿನದು ಸಾಮಾನ್ಯವಾಗಿ ಬೇಗ ಮೆದುವಾಗುತ್ತದೆ, ಸೆರ್ರಲುಂಗದ್ದು ಹಟಮಾರಿ. ಮಾಡುವ ಕೈಯೂ ಮುಖ್ಯ. 1980ರ ದಶಕದಲ್ಲಿ ಎಲಿಯೊ ಆಲ್ತಾರೆ ಎಂಬ ಯುವಕ ಅಪ್ಪನ ದೊಡ್ಡ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕೊಯ್ದುಹಾಕಿ, ಒಗರು ಬೇಗ ಮೆತ್ತಗಾಗಲೆಂದು 225 ಲೀಟರಿನ ಸಣ್ಣ ಪೀಪಾಯಿ ತಂದರು. ಬೇಗ ಕುಡಿಯಲು ಬರುವ ಬರೋಲೊ ಬೇಕೆನ್ನುವ ಹೊಸಬರಿಗೂ, ಕಾಯುವುದೇ ಸರಿ ಎನ್ನುವ ಹಳಬರಿಗೂ ವರ್ಷಗಟ್ಟಲೆ ಜಗಳ ನಡೆಯಿತು. ಆಲ್ತಾರೆಯ ಅಪ್ಪನಂತೂ ಮಗನಿಗೆ ಆಸ್ತಿಯನ್ನೇ ಕೊಡಲಿಲ್ಲ.

ನಿಮ್ಮ 2019 ಗಟ್ಟಿ ಫಸಲು. ಒಳ್ಳೆಯ ತಯಾರಕರದ್ದಾದರೆ ಕೊಯ್ಲಿನಿಂದ ಹತ್ತು-ಹದಿನೈದು ವರ್ಷಕ್ಕೆ ಹದಕ್ಕೆ ಬರಬಹುದು; ಆಮೇಲೂ ಬಾಳುತ್ತದೆ. ಆದರೆ ಇದು 12-15 ಡಿಗ್ರಿಯ ಕತ್ತಲೆ ನೆಲಮಾಳಿಗೆಯ ಲೆಕ್ಕ. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅಟ್ಟದ ಮೇಲಿಟ್ಟರೆ ಅದು ಮಾಗುವುದಿಲ್ಲ, ಬೇಯುತ್ತದೆ. ವೈನ್ ಫ್ರಿಜ್ ಇದ್ದರೆ ಬಾಟಲಿ ಮಲಗಿಸಿ ಕಾಯಿರಿ. ಇಲ್ಲವೇ? ಬೇಸಿಗೆಗೆ ಮುಂಚೆ ಕುಡಿದುಬಿಡಿ: ಮೂರು ನಾಲ್ಕು ಗಂಟೆ ಮೊದಲೇ ಜಗ್ಗಿಗೆ ಸುರಿದಿಡಿ, ಪಕ್ಕದಲ್ಲಿ ಕೊಬ್ಬಿರುವ ಮಟನ್ ಇರಲಿ, ಖಾರ ಕಡಿಮೆ ಮಾಡಿ. ಖಾರ ಹೆಚ್ಚಾದಷ್ಟೂ ಒಗರು ಇನ್ನಷ್ಟು ಕಚ್ಚುತ್ತದೆ.