ಜೀರುಂಡೆ ಯಾಕೆ ಸುಮ್ಮನಾಯಿತು?

ರಾತ್ರಿ ಜೀರುಂಡೆ ಕೂಗುತ್ತಿರುವ ಕಡೆಗೆ ಮೆಲ್ಲಗೆ ನಡೆದು ನೋಡಿ. ಇನ್ನೆರಡು ಹೆಜ್ಜೆ ಇಟ್ಟರೆ ಸಿಕ್ಕಿತು ಅನ್ನುವಾಗ ಸದ್ದು ಟಕ್ಕನೆ ನಿಲ್ಲುತ್ತದೆ. ಎಷ್ಟೇ ಹಗುರವಾಗಿ ಕಾಲಿಟ್ಟರೂ ಅದಕ್ಕೆ ಗೊತ್ತಾಗುತ್ತದೆ. ನೆಲದ ಸಣ್ಣ ನಡುಕವನ್ನೂ ಹಿಡಿಯುವ ಅಂಗ ಅದರ ಕಾಲಿನಲ್ಲಿದೆ. ಕಿವಿ ಇರುವುದೂ ಕಾಲಿನಲ್ಲೇ, ಮುಂಗಾಲಿನ ಮೊಣಗಂಟಿಗಿಂತ ತುಸು ಕೆಳಗೆ. ಇನ್ನು ಅದು ಕೂಗುವುದು ಬಾಯಿಂದ ಅಲ್ಲವೇ ಅಲ್ಲ. ಒಂದು ರೆಕ್ಕೆಯಲ್ಲಿ ಅರದಂತೆ ಸಾಲು ಹಲ್ಲುಗಳಿವೆ. ಅದನ್ನು ಇನ್ನೊಂದು ರೆಕ್ಕೆಯ ಅಂಚಿಗೆ ಉಜ್ಜಿದಾಗ ಆ ಹಾಡು ಹೊರಡುತ್ತದೆ. ಹಾಡುವುದು ಗಂಡು ಮಾತ್ರ. ಅದು ಹೆಣ್ಣಿಗೆ ಕರೆ.

ಆದರೆ ಸದ್ದು ಮಾಡುವುದು ಅಂದರೆ ತಾನು ಎಲ್ಲಿದ್ದೇನೆ ಅಂತ ಸಾರಿ ಹೇಳಿದ ಹಾಗೆ. ಕರೆದದ್ದು ಸಂಗಾತಿಯನ್ನು, ಕೇಳಿಸುವುದು ಹಸಿದವರಿಗೂ. ಪ್ರಾಣಿಗಳ ಕಿವಿಯ ಬಗ್ಗೆ ಓದುತ್ತಾ ಹೋದಷ್ಟೂ ನನಗೆ ಈ ಇಕ್ಕಟ್ಟೇ ಎದ್ದು ಕಾಣುತ್ತದೆ. ಕೂಗದಿದ್ದರೆ ವಂಶ ಬೆಳೆಯುವುದಿಲ್ಲ. ಕೂಗಿದರೆ ಜೀವಕ್ಕೇ ಅಪಾಯ.

ಕಿವಿ ಅಂದ ಕೂಡಲೇ ನಮಗೆ ತಲೆಯ ಎರಡು ಬದಿಯ ಹಾಲೆಗಳು ನೆನಪಾಗುತ್ತವೆ. ನಿಜಕ್ಕೂ ಸದ್ದು ಅಂದರೆ ಬರೀ ಅಲುಗಾಟ. ಆ ಅಲುಗಾಟವನ್ನು ನರಕ್ಕೆ ತಲುಪಿಸುವ ಏನಿದ್ದರೂ ಅದು ಕಿವಿಯೇ. ಮಿಡತೆಗೆ ಕಿವಿ ಇರುವುದು ಹೊಟ್ಟೆಯ ಪಕ್ಕದಲ್ಲಿ. ಗಂಡು ಸೊಳ್ಳೆ ತಲೆಯ ಮೇಲಿನ ಗರಿಯಂಥ ಮೀಸೆಯಿಂದಲೇ ಹೆಣ್ಣಿನ ರೆಕ್ಕೆಯ ಗುಂಯ್‌ಗುಡುವಿಕೆಯನ್ನು ಗುರುತಿಸುತ್ತದೆ. ದುಂಡಗೆ ಬಲೆ ನೇಯುವ ಒಂದು ಜಾತಿಯ ಜೇಡ ತನ್ನ ಬಲೆಯನ್ನೇ ಕಿವಿಯ ತಮಟೆಯಂತೆ ಬಳಸುತ್ತದೆ ಎಂಬುದು 2022ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ತನ್ನ ಮೈಗಿಂತ ಎಷ್ಟೋ ಪಟ್ಟು ದೊಡ್ಡ ಕಿವಿಯನ್ನು ತಾನೇ ನೇಯ್ದುಕೊಳ್ಳುವ ಜೀವಿ ಅದು!

ಮೀನಿನ ಕಷ್ಟ ಬೇರೆ ಥರ. ಅದರ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಹಾಗಾಗಿ ಸದ್ದಿನ ಅಲೆ ಬಂದಾಗ ಮೀನೂ ನೀರಿನ ಜೊತೆಗೇ ಅಲುಗುತ್ತದೆ. ಎಲ್ಲವೂ ಒಟ್ಟಿಗೆ ಅಲುಗಿದರೆ ಅಲುಗಿದ್ದು ಗೊತ್ತಾಗುವುದು ಹೇಗೆ? ಅದಕ್ಕೇ ಮೀನಿನ ತಲೆಯೊಳಗೆ ಕಲ್ಲಿನಂಥ ಗಟ್ಟಿ ಚೂರುಗಳಿವೆ. ಭಾರ ಜಾಸ್ತಿ ಇರುವುದರಿಂದ ಅವು ಮೈಗಿಂತ ಒಂದು ಚೂರು ತಡವಾಗಿ ಅಲುಗುತ್ತವೆ. ಆಗ ಪಕ್ಕದ ಸೂಕ್ಷ್ಮ ಕೂದಲುಗಳು ಬಾಗುತ್ತವೆ. ಮೀನಿಗೆ ಸದ್ದು ಕೇಳಿಸುವುದು ಹೀಗೆ.

ಹಾವಿಗೆ ಹೊರಗಿವಿಯಿಲ್ಲ, ಕಿವಿಯ ತಮಟೆಯೂ ಇಲ್ಲ. ಹಾಗಂತ ಅದು ಕಿವುಡಲ್ಲ. ನೆಲದ ನಡುಕ ದವಡೆಯ ಮೂಳೆಯ ಮೂಲಕ ಒಳಗಿವಿಗೆ ಹೋಗುತ್ತದೆ. ಗಾಳಿಯಲ್ಲಿ ಬರುವ ತಗ್ಗಿನ ಸದ್ದಿಗೂ ತಲೆಬುರುಡೆ ಅಲುಗುವುದರಿಂದ ಅದೂ ಅಷ್ಟಿಷ್ಟು ಕೇಳಿಸುತ್ತದೆ. ದವಡೆಯಿಂದ ಕೇಳುವುದು ವಿಚಿತ್ರ ಅನ್ನಿಸಿತೇ? ನಮ್ಮ ನಡುಗಿವಿಯಲ್ಲಿ ಮೂರು ಪುಟ್ಟ ಮೂಳೆಗಳಿವೆಯಲ್ಲ, ಅವುಗಳಲ್ಲಿ ಎರಡು ನಮ್ಮ ತುಂಬಾ ಹಿಂದಿನ ಪೂರ್ವಜರಲ್ಲಿ ದವಡೆಯ ಕೀಲಾಗಿದ್ದವು. ಕೋಟ್ಯಂತರ ವರ್ಷಗಳಲ್ಲಿ ಅವು ಸಣ್ಣದಾಗಿ, ಹಿಂದೆ ಸರಿದು, ಕಿವಿಯ ಕೆಲಸಕ್ಕೆ ಬಂದವು.

ಈ ಕಿವಿಯಿಂದ ನಮಗೆ ಸಿಗುವುದು ಸೆಕೆಂಡಿಗೆ 20ರಿಂದ 20,000 ಅಲುಗಾಟಗಳವರೆಗಿನ, ಅಂದರೆ 20ರಿಂದ 20,000 ಹರ್ಟ್ಸ್‌ನ ಸದ್ದು. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತಾ ಬರುತ್ತದೆ. ಈ ಗೆರೆಯ ಆಚೆಗೂ ಸದ್ದಿದೆ ಅಂತ ಮನುಷ್ಯರು ಒಪ್ಪಲು ಬಹಳ ಕಾಲವೇ ಬೇಕಾಯಿತು.

1793ರಲ್ಲಿ ಇಟಲಿಯ ವಿಜ್ಞಾನಿ ಲಜಾರೊ ಸ್ಪಲ್ಲಾಂಜಾನಿ ಒಂದು ವಿಷಯ ಗಮನಿಸಿದರು. ದೀಪ ಆರಿಸಿ ಕೋಣೆ ಪೂರ್ತಿ ಕತ್ತಲಾದರೆ ಗೂಬೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಬಾವಲಿ ಹೊಡೆಯುವುದಿಲ್ಲ. ಕಣ್ಣು ಕಳೆದುಕೊಂಡ ಬಾವಲಿಯೂ ಸಲೀಸಾಗಿ ಹಾರಿತು. ಮರುವರ್ಷ ಜಿನೀವಾದ ಲೂಯಿ ಜುರಿನ್ ಬಾವಲಿಯ ಕಿವಿ ಮುಚ್ಚಿ ನೋಡಿದರು. ಅದು ಸಿಕ್ಕಸಿಕ್ಕಲ್ಲಿ ಡಿಕ್ಕಿ ಹೊಡೆಯಿತು. ಕಿವಿಯಿಂದ ದಾರಿ ಕಾಣುವುದೇ? ಬಾವಲಿ ಹಾರುವಾಗ ಯಾವ ಸದ್ದೂ ಕೇಳಿಸುವುದಿಲ್ಲವಲ್ಲ! ಬಹಳ ಜನ ಇದನ್ನು ನಂಬಲಿಲ್ಲ. ರೆಕ್ಕೆಯ ಸ್ಪರ್ಶದಿಂದ ಗೊತ್ತಾಗುತ್ತದೆ ಅಂತ ಬೇರೆ ಕಾರಣ ಕೊಟ್ಟು ಸುಮ್ಮನಾದರು.

ಉತ್ತರ ಸಿಗಲು 1938 ಬರಬೇಕಾಯಿತು. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಭೌತವಿಜ್ಞಾನಿ ಜಾರ್ಜ್ ಪಿಯರ್ಸ್ ಅವರ ಬಳಿ ಒಯ್ದರು. ನಮಗೆ ಕೇಳಿಸದ ಎತ್ತರದ ಸದ್ದನ್ನು ಹಿಡಿಯುವ ಯಂತ್ರ ಪಿಯರ್ಸ್ ಅವರಲ್ಲಿತ್ತು. ಬಾವಲಿ ಎದುರಿಗೆ ಬಂದಾಗ ಯಂತ್ರ ಕಿರುಚಿತು. ಆಮೇಲೆ ಗ್ರಿಫಿನ್ ಮತ್ತು ರಾಬರ್ಟ್ ಗಲಾಂಬೋಸ್ ಸೇರಿ ಸಾಬೀತು ಮಾಡಿದರು: ಬಾವಲಿ ತಾನು ಹೊರಡಿಸಿದ ಸದ್ದಿನ ಮಾರ್ದನಿ ಕೇಳಿಸಿಕೊಂಡು ದಾರಿ ಹುಡುಕುತ್ತದೆ. ಮೌನವಾಗಿ ಹಾರುತ್ತಿದೆ ಅಂತ ನಾವು ಅಂದುಕೊಂಡ ಜೀವಿ ಅಸಲಿಗೆ ಅರಚುತ್ತಲೇ ಇತ್ತು! ಕೆಲವು ಜಾತಿಯ ಬಾವಲಿಗಳ ಕೂಗು ಬಾಯಿಯ ಹತ್ತಿರ 110 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ದಾಟುತ್ತದೆ. ತನ್ನ ಕೂಗಿಗೆ ತಾನೇ ಕಿವುಡಾಗಬಾರದಲ್ಲ, ಅದಕ್ಕೆ ಕೂಗುವ ಹೊತ್ತಿಗೆ ನಡುಗಿವಿಯ ಸ್ನಾಯು ಬಿಗಿದುಕೊಳ್ಳುತ್ತದೆ. ಮಾರ್ದನಿ ಬರುವಷ್ಟರಲ್ಲಿ ಸಡಿಲವಾಗುತ್ತದೆ. ಹುಳ ಹಿಡಿಯುವ ಕೊನೆಯ ಗಳಿಗೆಯಲ್ಲಿ ಕೂಗುಗಳು ಸೆಕೆಂಡಿಗೆ 150, 200ರವರೆಗೂ ಏರುತ್ತವೆ.

ಇಲ್ಲೂ ಅದೇ ಇಕ್ಕಟ್ಟು. ಬಾವಲಿ ಕೂಗಿದರೆ ಬೇಟೆಗೂ ಕೇಳಿಸಬಹುದು. ಅನೇಕ ಪತಂಗಗಳಿಗೆ ಕಿವಿ ನೆರವಾಗುವುದು ಇಲ್ಲಿಯೇ. ನಾಕ್ಟುಯಿಡ್ ಎಂಬ ಗುಂಪಿನ ಪತಂಗದ ಒಂದೊಂದು ಕಿವಿಯಲ್ಲಿ ಸದ್ದು ಗ್ರಹಿಸುವ ಜೀವಕೋಶಗಳು ಎರಡೇ ಎರಡು. ನಮ್ಮ ಒಂದು ಕಿವಿಯಲ್ಲಿ ಅಂಥವು ಸುಮಾರು 15,000. ಆದರೆ ಅದಕ್ಕೆ ಆ ಎರಡೇ ಸಾಕು. ಒಂದು ಕೋಶ ದೂರದ ಬಾವಲಿಯ ಕ್ಷೀಣ ಸದ್ದಿಗೆ ಮಿಡಿಯುತ್ತದೆ. ಪತಂಗ ದಿಕ್ಕು ಬದಲಿಸಿ ದೂರ ಹೋಗುತ್ತದೆ. ಇನ್ನೊಂದು ಮಿಡಿಯುವುದು ಸದ್ದು ಜೋರಾದಾಗ, ಅಂದರೆ ಬಾವಲಿ ಮೈಮೇಲೇ ಬಂದಾಗ. ಆಗ ಪತಂಗ ಅಡ್ಡಾದಿಡ್ಡಿ ಸುತ್ತಿ ಕೆಳಕ್ಕೆ ಬೀಳುತ್ತದೆ. ಹುಲಿಪತಂಗಗಳ ಗುಂಪಿನ ಒಂದು ಜಾತಿ ಇನ್ನೂ ಮುಂದೆ ಹೋಗಿದೆ. ಅದು ತಾನೇ ಬಿರುಸಾಗಿ ಟಿಕ್ ಟಿಕ್ ಸದ್ದು ಹೊರಡಿಸಿ ಬಾವಲಿಗೆ ಮಾರ್ದನಿಯ ಲೆಕ್ಕ ತಪ್ಪಿಸುತ್ತದೆ. 2009ರ ಪ್ರಯೋಗಗಳಲ್ಲಿ ಇದು ಖಚಿತವಾಯಿತು. ಎರಡೇ ಕೋಶಗಳ ಆ ಪುಟ್ಟ ಕಿವಿಯನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಸ್ಪಲ್ಲಾಂಜಾನಿಯ ಗೂಬೆ ಕತ್ತಲಲ್ಲಿ ಸೋತಿತು ಅಂದೆನಲ್ಲ, ಅಲ್ಲಿ ಕಿವಿಗೆ ಸಿಗುವಂಥ ಸದ್ದೇನೂ ಇರಲಿಲ್ಲ. ಇಲಿ ಎಲೆಯ ಮೇಲೆ ಹೆಜ್ಜೆ ಇಟ್ಟರೆ ಕಥೆಯೇ ಬೇರೆ. ಅಮೆರಿಕದ ಜೀವವಿಜ್ಞಾನಿ ರೋಜರ್ ಪೇನ್ ಒಂದು ಕೋಣೆಯನ್ನು ಗಾಢ ಕತ್ತಲು ಮಾಡಿ, ನೆಲಕ್ಕೆ ಒಣ ಎಲೆ ಹಾಸಿ, ಇಲಿ ಬಿಟ್ಟರು. ಕಣಜಗೂಬೆ ಗುರಿ ತಪ್ಪದೆ ಎರಗಿತು. ಇಲಿಯ ಬದಲು ಕಾಗದದ ಉಂಡೆಯನ್ನು ದಾರ ಕಟ್ಟಿ ಎಳೆದರೆ ಅದರ ಮೇಲೂ ಎರಗಿತು. ಅಂದರೆ ವಾಸನೆಯಲ್ಲ, ಮೈಯ ಬಿಸಿಯಲ್ಲ, ಸರಸರ ಸದ್ದು ಮಾತ್ರ. ಈ ಗೂಬೆಯ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ. ಎಡಗಿವಿ ತುಸು ಮೇಲಿದ್ದು ಕೆಳಗಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಬಲಗಿವಿ ಕೆಳಗಿದ್ದು ಮೇಲಿನದನ್ನು ಹಿಡಿಯುತ್ತದೆ. ಯಾವ ಕಿವಿಗೆ ಸದ್ದು ಜೋರಾಗಿದೆ ಅನ್ನುವುದರಿಂದ ಅದು ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಾಗುತ್ತದೆ. ಯಾವ ಕಿವಿಗೆ ಮೊದಲು ತಲುಪಿತು ಅನ್ನುವುದರಿಂದ ಎಡವೋ ಬಲವೋ ಗೊತ್ತಾಗುತ್ತದೆ. ಈ ವ್ಯತ್ಯಾಸ ಸೆಕೆಂಡಿನ ಲಕ್ಷದ ಒಂದು ಭಾಗದಷ್ಟಿದ್ದರೂ ಗೂಬೆಗೆ ಸಾಕು.

ರೋಜರ್ ಪೇನ್ ಆಮೇಲೆ ಸಮುದ್ರದ ಕಡೆ ತಿರುಗಿದರು. ಬರ್ಮುಡಾದ ಬಳಿ ನೀರೊಳಗಿನ ಮೈಕುಗಳಲ್ಲಿ ಸಿಕ್ಕಿದ್ದ ಹಂಪ್‌ಬ್ಯಾಕ್ ತಿಮಿಂಗಿಲಗಳ ಸದ್ದನ್ನು ಅವರು ಮತ್ತು ಅವರ ಪತ್ನಿ ಕೇಟಿ ಪೇನ್ ಕೇಳಿದರು. ಅದು ಸುಮ್ನೆ ಕೂಗಲ್ಲ, ಒಂದು ಕ್ರಮದಲ್ಲಿ ಮತ್ತೆ ಮತ್ತೆ ಬರುವ ಹಾಡು ಅಂತ 1971ರಲ್ಲಿ ರೋಜರ್ ಮತ್ತು ಸ್ಕಾಟ್ ಮೆಕ್‌ವೇ ಪ್ರಕಟಿಸಿದರು. ಗಂಡು ಹಾಡುತ್ತದೆ. ಒಂದು ಪ್ರದೇಶದ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡು ಹಾಡುತ್ತವೆ, ಆ ಹಾಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ತಗ್ಗು ಸದ್ದಾದರೆ ನೂರಾರು ಕಿಲೋಮೀಟರ್ ಹೋಗುತ್ತದೆ.

ಕೇಟಿ ಪೇನ್ 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳ ಪಕ್ಕ ಕೂತಿದ್ದಾಗ ಗಾಳಿಯಲ್ಲಿ ಏನೋ ಮಿಡಿದಂತಾಯಿತು. ಕಿವಿಗೆ ಏನೂ ಕೇಳಿಸಲಿಲ್ಲ, ಮೈಗೆ ಮಾತ್ರ ತಿಳಿಯಿತು. ಮತ್ತೆ ಹೋಗಿ ಧ್ವನಿಮುದ್ರಣ ಮಾಡಿ, ಟೇಪನ್ನು ವೇಗವಾಗಿ ಓಡಿಸಿದಾಗ ಆನೆಗಳ ಮಾತು ಕೇಳಿಸಿತು. 20 ಹರ್ಟ್ಸ್‌ಗಿಂತ ಕೆಳಗಿನ ಆ ಸದ್ದು ಬಯಲಿನಲ್ಲಿ ಹಲವು ಕಿಲೋಮೀಟರ್ ಸಾಗುತ್ತದೆ. ದೂರದ ಹಿಂಡುಗಳು ಹೇಗೆ ಒಟ್ಟಿಗೇ ದಿಕ್ಕು ಬದಲಿಸುತ್ತವೆ ಅನ್ನುವ ಹಳೆಯ ಒಗಟಿಗೆ ಇದರಿಂದ ಒಂದು ದಾರಿ ಸಿಕ್ಕಿತು. ಆನೆಗೆ ತಾನಿರುವ ಜಾಗ ಬೇರೆಯವರಿಗೆ ಗೊತ್ತಾಗುವ ಭಯ ಅಷ್ಟಾಗಿ ಇಲ್ಲ. ಹಾಗಾಗಿ ಅದು ಧೈರ್ಯವಾಗಿ ದೂರಕ್ಕೆ ಮಾತಾಡಬಲ್ಲದು.

ಇಂಥ ದೊಡ್ಡ ಪ್ರಾಣಿಗಳ ತೊಂದರೆ ಬೇರೆ ಕಡೆಯಿಂದ ಬಂತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ಕಮ್ಮಿಯಾಯಿತು. ನೀರೊಳಗಿನ ಗದ್ದಲ 6 ಡೆಸಿಬಲ್ ಇಳಿಯಿತು. ಅಲ್ಲಿನ ರೈಟ್ ಎಂಬ ಜಾತಿಯ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನುಗಳ ಅಂಶವೂ ಇಳಿದಿತ್ತು. ಅಂದರೆ ಉಳಿದೆಲ್ಲ ದಿನ ಅವು ನಮ್ಮ ಗದ್ದಲದಿಂದ ಒದ್ದಾಡುತ್ತಲೇ ಇದ್ದವು. ಇದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಯಿತು.

ಈಗ ಮತ್ತೆ ಜೀರುಂಡೆಗೆ ಬರೋಣ. ಉತ್ತರ ಅಮೆರಿಕದಲ್ಲಿ ಓರ್ಮಿಯಾ ಎಂಬ ನೊಣವಿದೆ. ಅದರ ಹೆಣ್ಣು ಜೀರುಂಡೆಯ ಹಾಡು ಹಿಡಿದು ಬಂದು ಅದರ ಮೇಲೆ ಮರಿಹುಳುಗಳನ್ನು ಬಿಡುತ್ತದೆ. ಅವು ಮೈಯೊಳಗೆ ಕೊರೆದು ಹೋಗಿ ಜೀರುಂಡೆಯನ್ನು ಒಳಗಿನಿಂದಲೇ ತಿನ್ನುತ್ತವೆ. ಸುಮಾರು ಒಂದು ವಾರದಲ್ಲಿ ಅದರ ಕಥೆ ಮುಗಿಯುತ್ತದೆ. ಈ ನೊಣದ ಎರಡು ಕಿವಿಗಳ ನಡುವಿನ ಅಂತರ ಬರೀ ಅರ್ಧ ಮಿಲಿಮೀಟರ್. ಅಷ್ಟು ಹತ್ತಿರ ಇದ್ದರೆ ಸದ್ದು ಎರಡಕ್ಕೂ ಒಟ್ಟಿಗೇ ತಲುಪಿದ ಹಾಗೇ. ದಿಕ್ಕು ಗೊತ್ತಾಗಬಾರದು. ಆದರೆ ಎರಡೂ ತಮಟೆಗಳನ್ನು ಏತದ ಕೋಲಿನಂಥ ಒಂದು ಸೇತುವೆ ಜೋಡಿಸಿದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ, ಪುಟ್ಟ ವ್ಯತ್ಯಾಸ ಹಿಗ್ಗುತ್ತದೆ. ಹಾಗಾಗಿ ನೊಣ ದಿಕ್ಕನ್ನು ಎರಡು ಡಿಗ್ರಿಯಷ್ಟು ನಿಖರವಾಗಿ ಹೇಳಬಲ್ಲದು. ಇದನ್ನು ನೋಡಿಯೇ ಎಂಜಿನಿಯರುಗಳು ಪುಟಾಣಿ ಮೈಕು ಮಾಡಲು ಹೊರಟರು.

ಈ ನೊಣ ಹವಾಯಿ ದ್ವೀಪಗಳಿಗೂ ಬಂದು ಸೇರಿತು. ಕೌವಾಯಿ ದ್ವೀಪದಲ್ಲಿ ಮಾರ್ಲೀನ್ ಜುಕ್ ಎಂಬ ಜೀವವಿಜ್ಞಾನಿ ವರ್ಷಗಳಿಂದ ಜೀರುಂಡೆಗಳನ್ನು ಗಮನಿಸುತ್ತಿದ್ದರು. ಹಾಡು ಕಡಿಮೆಯಾಗುತ್ತಾ ಬಂತು. 2003ರಲ್ಲಿ ಹೋದಾಗ ಹೆಚ್ಚುಕಡಿಮೆ ನಿಶ್ಶಬ್ದ. ಜೀರುಂಡೆಗಳೆಲ್ಲ ಸತ್ತುಹೋದವು ಅಂದುಕೊಂಡು ದೀಪ ಹಾಕಿ ನೋಡಿದರೆ ಗಂಡುಗಳು ಬೇಕಾದಷ್ಟಿವೆ! ಅವುಗಳ ರೆಕ್ಕೆಯೇ ಬದಲಾಗಿತ್ತು. ಹಾಡು ಹುಟ್ಟಿಸುವ ಅರ ಸವೆದಂತೆ ಸಪಾಟಾಗಿತ್ತು. ಇಷ್ಟೆಲ್ಲ ಆದದ್ದು 20 ಪೀಳಿಗೆಗಳ ಒಳಗೆ. ನೊಣದಿಂದ ಜೀವ ಉಳಿಯಿತು ಸರಿ, ಹೆಣ್ಣನ್ನು ಕರೆಯುವುದು ಹೇಗೆ? ಮೂಕ ಗಂಡುಗಳು ಉಳಿದ ಒಂದೆರಡು ಹಾಡುಗಾರರ ಸುತ್ತ ಸೇರುತ್ತವೆ. ಆ ಹಾಡಿಗೆ ಬಂದ ಹೆಣ್ಣು ದಾರಿಯಲ್ಲೇ ಇವಕ್ಕೂ ಸಿಗುತ್ತದೆ.

ಕೆಲವು ವರ್ಷಗಳ ಮೇಲೆ ಹವಾಯಿಯ ಇನ್ನೊಂದು ದ್ವೀಪವಾದ ಮೊಲೊಕಾಯಿಯಲ್ಲಿ ಇನ್ನೊಂದು ಬಗೆಯ ಗಂಡು ಸಿಕ್ಕಿತು. 2018ರಲ್ಲಿ ಅದರ ವಿವರ ಪ್ರಕಟವಾಯಿತು. ಇದು ಮೂಕವಲ್ಲ, ಹಳೆಯ ಹಾಡನ್ನೂ ಹಾಡುವುದಿಲ್ಲ. ರೆಕ್ಕೆ ಉಜ್ಜಿದರೆ ಬೆಕ್ಕು ಗುರುಗುಟ್ಟಿದಂಥ ಮೆಲ್ಲನೆಯ ಸದ್ದು ಬರುತ್ತದೆ. ಹತ್ತಿರದ ಹೆಣ್ಣು ಅದನ್ನು ಕೇಳಿಸಿಕೊಂಡು ಗಂಡಿನ ಕಡೆಗೆ ಬರುತ್ತದೆ.